ಅರ್ಧ ಹೆಸರಿನ ಪೀರ

ನಮ್ಮ ಬೆರ್ದೋಲಿಗೆ ಅವನು ಬಂದದ್ದು
ಓಕ್ ಮರದ ಕೊಂಬೆ ಹಿಮದ ಭಾರಕ್ಕೆ ಲಟ್ಟೆಂದ ರಾತ್ರಿ.
ಬರಿಗಾಲು. ಗಡ್ಡದ ತುಂಬ ಮಂಜಿನ ಹರಳು.
ಅಜ್ಜಿಯ ಅಜ್ಜಿ ಬಾಗಿಲು ತೆರೆದು
ತಂದೂರಿನ ಬದಿಗೆ ಕೂರಿಸಿ ಕೇಳಿದಳಂತೆ:
ಯಾರ ಮಗನಪ್ಪ, ಹೆಸರೇನು?
‘ಕೆವ್...’ ಅಂದ.
ಅಷ್ಟೇ. ಮಿಕ್ಕದ್ದನ್ನು ಉಸಿರಿನ ಜೊತೆ
ಒಳಗೆಳೆದುಕೊಂಡವನು ಹೊರಗೆ ಬಿಡಲೇ ಇಲ್ಲ.

ಮೂರು ದಿನ ಬೆಂಕಿ ಹಾಕಿ ನೆಲ ಕರಗಿಸಿ
ದಿಬ್ಬದ ಮೇಲೆ, ಕಾಡುಪಿಸ್ತಾ ಮರದ ಬುಡದಲ್ಲಿ
ಹೂಳಿ ಬಂದರು.
ನಾಲ್ಕನೆಯ ದಿನಕ್ಕೆ ಜಗಳ ಶುರು.

ಕೆವಿರ್, ಅಂದರು ಕುರಿಯವರು. ಕಲ್ಲು.
ಹಾರೆ ತಾಗುವ ಮೊದಲೇ ಬಂಡೆ
ತಾನಾಗಿ ಬಿರಿದು ಜಾಗ ಬಿಟ್ಟಿತಲ್ಲ, ಮತ್ತಿನ್ನೇನು?
ಇವತ್ತಿಗೂ ಬೇಸಿಗೆಯ ಮೇವು ಮುಗಿಸಿ ಇಳಿಯುವಾಗ
ಒಬ್ಬೊಬ್ಬರೂ ಒಂದೊಂದು ಕಲ್ಲು ತಂದಿಡುತ್ತಾರೆ.
ರಾಶಿ ಈಗ ಹೋತನ ಕೊಂಬಿಗಿಂತ ಎತ್ತರ.

ಕೆವ್ಚೀ, ಅಂದಳು ನಾಜೆಯ ಮುತ್ತಜ್ಜಿ. ಚಮಚ!
ಎದುರಿಗೆ ಗಂಜಿ ಹಬೆಯಾಡುತ್ತಿತ್ತು,
ಹಸಿದವನು ಹೆಸರು ಹೇಳುತ್ತಾನೇನು,
ಚಮಚ ಕೇಳಿದ, ನೀವು ಕೊಡಲಿಲ್ಲ.
ಆ ನಾಚಿಕೆಗೆ ಮರದ ತುಂಬ ಮರದ ಚಮಚ ಕಟ್ಟಿದ್ದೇವೆ.
ಮಾತು ತಡವಾದ ಮಕ್ಕಳಿಗೆ ಅದರಲ್ಲೇ ನೀರು.
ನನಗೂ ಕುಡಿಸಿದ್ದರು. ಸ್ವಲ್ಪ ಜಾಸ್ತಿಯೇ ಆಯಿತು
ಎನ್ನುತ್ತಾಳೆ ಅಮ್ಮ.

ಅಲ್ಲ, ಕೆವಾನ್, ಅಂದ ಚೆತೋ. ಬಿಲ್ಲು.
ಹೆಗಲ ಮೇಲೆ ಹೆದೆಯ ಗಾಯವಿತ್ತಂತೆ.
ಕಂಡವರು ಯಾರು ಎಂದರೆ
ಚಹಾ ಹೀರಿ, ಹಲ್ಲಿನ ನಡುವೆ ಸಕ್ಕರೆ ಹರಳು ಕಚ್ಚಿ
ಮೇಲೆ ನೋಡುತ್ತಾನೆ.

ಹುಡುಗಿಯರದು ಕೆವೋಕ್, ಪಾರಿವಾಳ.
ಅವು ಗೋರಿಯ ಮೇಲೆ ಕೂತೇ ಇರುತ್ತವೆ,
ಯಾರ ವಾದಕ್ಕೂ ಕಾಯದೆ.

ಒಮ್ಮೆ ಪಟ್ಟಣದಿಂದ ಸಾಹೇಬ ಬಂದ,
ನೀಲಿ ಹಲಗೆ, ಫಾರಮ್ಮು, ಪೆನ್ನು.
ಪೂರ್ತಿ ಹೆಸರು ಹೇಳಿ, ಅರ್ಧ ನಡೆಯುವುದಿಲ್ಲ.
ಊರೇ ಸೇರಿ ನಾಲ್ಕು ಹೆಸರು ಕೂಗಿತು.
ಅವನು ತನ್ನ ಭಾಷೆಯಲ್ಲಿ ಐದನೆಯದೊಂದು ಬರೆದು ಹೋದ.
ಆ ಚಳಿಗಾಲದ ಗಾಳಿಗೆ ಹಲಗೆ ಉರುಳಿ ಬಂತು;
ಈಗ ಮಾಮ್ ಸಮೋನ ಕೋಳಿಗೂಡಿಗೆ ಗಟ್ಟಿ ಬಾಗಿಲು.

ಗೋರಿ ಗುಡಿಸುವವಳು ನನ್ನಜ್ಜಿ ಗುಲೀಜಾರ್.
ಗುರುವಾರ ಸಂಜೆಗೆ ಒಂದು ಬತ್ತಿ.
ನಿನ್ನ ಲೆಕ್ಕದಲ್ಲಿ ಯಾವುದಜ್ಜಿ ಎಂದು ಕೇಳಿದರೆ
ಪೊರಕೆಯ ಕಡ್ಡಿ ಸರಿಮಾಡುತ್ತ
‘ಅವನು ಹೇಳಿದಷ್ಟು’ ಎಂದುಬಿಡುತ್ತಾಳೆ.

ಹೋದ ಶರತ್ಕಾಲ ಖುನಾವ್ ಹತ್ತಿ ಬಂದಳು,
ಕಣಿವೆಯಾಚೆಯವಳು.
ಹನ್ನೊಂದು ವರ್ಷದ ಹಿಂದೆ ಮನೆ ಬಿಟ್ಟ ಮಗ,
ಹುಡುಕಿದಲ್ಲೆಲ್ಲ ಇಲ್ಲ ಎಂಬ ಕಾಗದ.
ಕಲ್ಲು ತಂದಿರಲಿಲ್ಲ, ಚಮಚವೂ ಇಲ್ಲ.
ಕೈಯಲ್ಲಿ ಒಂದು ಕಾಲುಚೀಲ,
ಹೆಣೆದದ್ದು ಒಂದೇ; ಜೊತೆಯದು
ಸೂಜಿಯಲ್ಲೇ ನಿಂತಿದೆಯಂತೆ.
ಕೊಂಬೆಗೆ ಕಟ್ಟಿದಳು. ಬಗ್ಗಿ
ಬಂಡೆಯ ಬಿರುಕಿಗೆ ಬಾಯಿಟ್ಟು
‘ರೆಂಗೀನ್’ ಅಂದಳು.

ಆ ಹೆಸರಲ್ಲಿ ಕೆವ್ ಎಲ್ಲಿಂದ ಬರಬೇಕು!
ನಾನು ಹೇಳಹೊರಟೆ.
ಅಜ್ಜಿಯ ಕೈ ನನ್ನ ಬಾಯಿ ಮುಚ್ಚಿತು,
ಬೂದಿಯ ವಾಸನೆಯ ಕೈ.
ಪಾರಿವಾಳಗಳು ಎದ್ದು, ಸುತ್ತಿ, ಮತ್ತೆ ಕೂತವು.

ಆ ಗುರುವಾರ ದೀಪದಲ್ಲಿ ಎರಡು ಬತ್ತಿ.
ಯಾಕೆಂದು ಕುರಿಯವರು ಕೇಳಿದರು.
ಉದ್ದ ಹೊಸೆದಿದ್ದೆ, ತುಂಡಾಯಿತು
ಎಂದಳು ಅಜ್ಜಿ,
ಅವರ ಮುಖ ನೋಡದೆ,
ಎಣ್ಣೆ ಇನ್ನಷ್ಟು ಹೊಯ್ಯುತ್ತ.